ಗುಬ್ಬಿಯೂ ನುಗ್ಗಲಾರದ ಬಾಗಿಲು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಆನ್ ಆರ್ಬರ್ ಅಂತ ಒಂದು ಊರು. ಅಲ್ಲಿನ ಕಾಫಿ ಅಂಗಡಿಯೊಂದರಲ್ಲಿ 2005ರಲ್ಲಿ ಪುಟಾಣಿ ಬಾಗಿಲೊಂದು ಕಾಣಿಸಿಕೊಂಡಿತು. ಜೊನಾಥನ್ ರೈಟ್ ಎಂಬ ಕಲಾವಿದರ ಕೆಲಸ. ಆಮೇಲೆ ಬೇರೆ ಅಂಗಡಿಗಳಲ್ಲೂ ಒಂದೊಂದೇ ಬಾಗಿಲು ಬಂತು. ಮಕ್ಕಳು ಅವುಗಳ ಮುಂದೆ ಚಿಲ್ಲರೆ, ಚೀಟಿ ಇಟ್ಟು ಹೋಗತೊಡಗಿದರು. ಇವೇ ಫೇರಿ ಡೋರ್, ಅಂದರೆ ಕಿನ್ನರಿಯ ಬಾಗಿಲು.

ಪಾಲಿಮರ್ ಕ್ಲೇ, ಅಂದರೆ ಜೇಡಿಮಣ್ಣಿನಂತೆ ನಾದಬಹುದಾದ ಪ್ಲಾಸ್ಟಿಕ್, ಇದ್ದರೆ ಇದನ್ನು ಮನೆಯಲ್ಲೇ ಮಾಡಬಹುದು. ಆದರೆ ಚೆಂದ ತಟ್ಟಿ, ಚೆಂದ ಕೊರೆದು, ಕೊನೆಗೆ ಬೇಯಿಸುವಾಗ ಕೆಡಿಸಿಕೊಳ್ಳುವವರೇ ಜಾಸ್ತಿ. ‘ಚಿಕ್ಕಮ್ಮಾ, ಬಾಗಿಲು ಸೀದ ಹಪ್ಪಳ ಆಗಿದೆ’ ಎಂದು ಅಕ್ಕನ ಮಗಳು ಫೋನ್ ಮಾಡಿದ ದಿನವೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಕ್ಲೇ. ಏರ್ ಡ್ರೈ ಕ್ಲೇ ಕೊಟ್ಟು ‘ಎರಡೂ ಒಂದೇ’ ಅನ್ನುವ ಅಂಗಡಿಯವರಿದ್ದಾರೆ, ನಂಬಬೇಡಿ. ಅದು ನೀರು ಆರಿ ಗಟ್ಟಿಯಾಗುತ್ತದೆ. ಪಾಲಿಮರ್ ಕ್ಲೇ ಪಿವಿಸಿ ಎಂಬ ಪ್ಲಾಸ್ಟಿಕ್‌ನದು, ಬಿಸಿ ತಾಗಿದರೆ ಮಾತ್ರ ಗಟ್ಟಿ. ಎಂಟು ಸೆಂಟಿಮೀಟರ್ ಎತ್ತರದ ಬಾಗಿಲಿಗೆ 57 ಗ್ರಾಂನ ಒಂದು ಕಂದು ಕಟ್ಟು ಸಾಕು. ಜೊತೆಗೆ ಒಂದಿಷ್ಟು ತಿಳಿಕಂದು, ಬೂದು, ಕಪ್ಪು.

ಚಪಾತಿ ಹಿಟ್ಟಿನಂತೆ ಹತ್ತು ನಿಮಿಷ ನಾದಿ. ಮಡಚಿದರೆ ಬಿರುಕು ಬಿಡಬಾರದು. ಬೇಸಿಗೆಯಲ್ಲಿ ತೀರಾ ಮೆತ್ತಗಾದರೆ ಬಿಳಿ ಹಾಳೆಗಳ ನಡುವೆ ಸ್ವಲ್ಪ ಹೊತ್ತು ಒತ್ತಿಡಿ, ಹೆಚ್ಚಿನ ಎಣ್ಣೆಯಂಶವನ್ನು ಹಾಳೆ ಹೀರುತ್ತದೆ. ಎರಡು ಕಂದುಗಳನ್ನು ಪೂರ್ತಿ ಬೆರೆಸಬೇಡಿ. ಗೆರೆ ಉಳಿದರೇ ಮರದ ಕಳೆ.

ಲಟ್ಟಿಸಲು ಗಾಜಿನ ಬಾಟಲಿ ಇರಲಿ, ಅಡುಗೆಮನೆಯ ಲಟ್ಟಣಿಗೆ ಬೇಡ. ಎರಡೂ ಕಡೆ ಐಸ್‌ಕ್ರೀಂ ಕಡ್ಡಿಗಳನ್ನು ಎರಡೆರಡು ಜೋಡಿಸಿಟ್ಟು ಅವುಗಳ ಮೇಲೆ ಬಾಟಲಿ ಉರುಳಿಸಿದರೆ ದಪ್ಪ ಎಲ್ಲ ಕಡೆ ಒಂದೇ ಸಮ. ಲಟ್ಟಿಸಿದ ಕ್ಲೇಯನ್ನು ನೆಲಕ್ಕೆ ಹಾಕುವ ಟೈಲ್ ತುಂಡಿನ ಮೇಲಿಟ್ಟೇ ಬಾಗಿಲು ಕತ್ತರಿಸಿ, ಆಮೇಲೆ ಎತ್ತಲೇಬೇಡಿ. ಎತ್ತಿದರೆ ಸೊಟ್ಟ. ಚಾಕುವಿನ ಬೆನ್ನಿನಿಂದ ಹಲಗೆಯ ಗೆರೆ, ಸೂಜಿಯಿಂದ ಮರದ ಎಳೆ. ಸುತ್ತ ಬೂದು ಉಂಡೆ ಒತ್ತಿದರೆ ಕಲ್ಲಿನ ಚೌಕಟ್ಟು, ಕಪ್ಪು ಪಟ್ಟಿಯೇ ಕೀಲು, ಹಿತ್ತಾಳೆ ಮಣಿಯೇ ಹಿಡಿಕೆ.

ಈಗ ಬೇಯಿಸುವುದು. ಕ್ಲೇ ಪೊಟ್ಟಣದ ಮೇಲೆ ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಅಂತ ಇರುತ್ತದೆ. ಓಟಿಜಿಯ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್‌ನ, ತಿರುಗಣೆಯನ್ನೂ ಅಷ್ಟಕ್ಕೇ ಇಡುತ್ತೀರಿ, ಅಲ್ವಾ? ಒಳಗೆ ಅಷ್ಟೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ನನ್ನ ಓಟಿಜಿ 130ಕ್ಕಿಟ್ಟರೆ 160 ಮುಟ್ಟುತ್ತದೆ. ಅದಕ್ಕೇ ಓವನ್ ಥರ್ಮಾಮೀಟರ್ ತಂದು ಟೈಲ್ ಪಕ್ಕದಲ್ಲೇ ಇಡಿ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಶುರುವಿನಲ್ಲಿ ಬಿಸಿ ಏರಿಳಿಯುತ್ತದೆ. ಇಪ್ಪತ್ತು ನಿಮಿಷ ಖಾಲಿ ಓವನ್ ಕಾಯಿಸಿ, ಮುಳ್ಳು ಒಂದೆಡೆ ನಿಂತ ಮೇಲೆ ಟೈಲ್ ಸಮೇತ ಬಾಗಿಲು ಒಳಗಿಡಿ. ಸಣ್ಣ ಓವನ್‌ನಲ್ಲಿ ಮೇಲಿನ ರಾಡ್ ತೀರಾ ಹತ್ತಿರ, ಹಾಗಾಗಿ ಫಾಯಿಲ್ ಅನ್ನು ಗುಡಾರದಂತೆ ಮುಚ್ಚಿ. ಅರ್ಧ ಗಂಟೆ.

ಹೊರತೆಗೆದಾಗ ಬಾಗಿಲು ರಬ್ಬರಿನಂತೆ ಬಾಗುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಬೆಂದಿಲ್ಲ ಅಂದುಕೊಂಡು ಬಿಸಿ ಏರಿಸಿ ಮತ್ತೆ ಒಳಗೆ ತಳ್ಳುತ್ತಾರೆ. ಬಿಸಿಯಲ್ಲಿ ಅದು ಬಾಗುವುದೇ ಸರಿ, ಗಟ್ಟಿಯಾಗುವುದು ಆರಿದ ಮೇಲೆ. ಪೂರ್ತಿ ಆರಿದ ಮೇಲೂ ಬಿಸ್ಕತ್ತಿನಂತೆ ಮುರಿದರೆ ಮಾತ್ರ ಅರೆಬೆಂದಿದೆ ಅಂತ. ಆಗ ಅದೇ ಬಿಸಿಯಲ್ಲಿ ಇನ್ನಷ್ಟು ಹೊತ್ತು ಇಡಿ. ಹೊತ್ತು ಹೆಚ್ಚಾದರೆ ತೊಂದರೆಯಿಲ್ಲ, ಡಿಗ್ರಿ ಹೆಚ್ಚಾಗಬಾರದು. ಘಾಟು ಹೊಗೆ ಬಂದರೆ ಓವನ್ ಆರಿಸಿ, ಕಿಟಕಿ ತೆರೆದು ಆಚೆ ಹೋಗಿ. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಮೈಕ್ರೋವೇವ್ ಬೇಡವೇ ಬೇಡ. ಕುಕ್ಕರ್‌ನಲ್ಲಿ ಉಪ್ಪು ಹಾಕಿ ಬೇಯಿಸುವ ವಿಡಿಯೊಗಳನ್ನೂ ಸುಮ್ನೆ ನೋಡಿ ಬಿಟ್ಟುಬಿಡಿ. ಒಳಗೆ ಬಿಸಿ ಎಷ್ಟು ಅಂತ ಯಾರಿಗೆ ಗೊತ್ತು?

ಆರಿದ ಮೇಲೆ ಗಾಢ ಕಂದು ಅಕ್ರಿಲಿಕ್ ಬಣ್ಣ ಬಳಿದು, ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ. ಗೆರೆಗಳಲ್ಲಿ ಮಾತ್ರ ಉಳಿದು ಹಳೇ ಮರ ಆಗುತ್ತದೆ. ಹೊಳಪಿಗೆಂದು ನೇಲ್ ಪಾಲಿಶ್ ಹಚ್ಚಿದರೆ ಕಾಲಕ್ರಮೇಣ ಅಂಟಂಟಾಗುತ್ತದೆ.

ಒಂದು ಮಾತು ಮೊದಲೇ ಹೇಳಬೇಕಿತ್ತು. ದುಂಡು ಕುಂಡಕ್ಕೆ ಚಪ್ಪಟೆ ಬಾಗಿಲು ಅಂಟುವುದಿಲ್ಲ. ಕುಂಡದಲ್ಲೇ ಇಡುವುದಾದರೆ, ಬೇಯಿಸುವ ಮುಂಚೆ ಬಾಗಿಲಿನ ಬುಡದಿಂದ ಎರಡು ತಂತಿ ತೂರಿಸಿಬಿಡಿ. ಆಮೇಲೆ ಮಣ್ಣಿಗೆ ಚುಚ್ಚಿದರಾಯಿತು. ನನ್ನದು ಹಾಗೇ ಕರಿಬೇವಿನ ಬುಡದಲ್ಲಿ ನಿಂತಿದೆ.