ಶೆಡ್ಡಿನಲ್ಲೇ ಹಾಯಿದೋಣಿ: ಕಟ್ಟಿ ಮಾರುವುದು ಹೇಗೆ?

ಮೈಸೂರಿಗೆ ಕಡಲಿಲ್ಲ, ನಿಜ. ಆದರೆ ಕೆಆರ್‌ಎಸ್ ಹಿನ್ನೀರಿದೆ, ಆಷಾಢದ ಗಾಳಿಯಿದೆ. ಹಾಯಿದೋಣಿ ಕಟ್ಟುವುದನ್ನೇ ಕಸುಬು ಮಾಡಿಕೊಳ್ಳುವ ಆಸೆಯಿದ್ದರೆ, ಮೂವತ್ತು ಅಡಿಯ ಯಾಟ್ ಸದ್ಯಕ್ಕೆ ಬೇಡ. ಗೂಡ್ಸ್ ಆಟೋದಲ್ಲಿ ಸಾಗಿಸುವಷ್ಟು ಚಿಕ್ಕದು ಕಟ್ಟಿ. ಮೊದಲನೆಯದರಲ್ಲಿ ಲಾಭ ನಿರೀಕ್ಷಿಸಬೇಡಿ. ಗಿರಾಕಿಗೆ ತೋರಿಸಲು ಒಂದು ದೋಣಿ ಬೇಕಲ್ವಾ?

ನಕ್ಷೆ ದುಡ್ಡು ಕೊಟ್ಟೇ ತನ್ನಿ. ಎಷ್ಟೋ ನಕ್ಷೆಗಳಿಗೆ ಒಂದೇ ದೋಣಿ ಕಟ್ಟುವ ಅನುಮತಿ ಇರುತ್ತದೆ. ಮಾರಾಟಕ್ಕೆ ಕಟ್ಟಬಹುದಾ ಅಂತ ಮೊದಲೇ ಕೇಳಿ. ಹೊಸಬರಿಗೆ ಸುಲಭವಾದದ್ದು ಪ್ಲೈವುಡ್ಡನ್ನು ತಂತಿಯಲ್ಲಿ ಹೊಲಿದು ಅಂಟಿಸುವ ವಿಧಾನ. 1962ರಲ್ಲಿ ಬ್ರಿಟನ್ನಿನಲ್ಲಿ ಜಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ರೂಪಿಸಿದ ‘ಮಿರರ್’ ದೋಣಿ ಹೀಗೇ ಮನೆಮನೆಗಳಲ್ಲಿ ತಯಾರಾಯಿತು.

ಪ್ಲೈವುಡ್ ಮೇಲೆ ಐಎಸ್ 710 ಮುದ್ರೆ ನೋಡಿ, ಅದು ದೋಣಿಗೆ ಒಗ್ಗುವ ಮರೈನ್ ಪ್ಲೈವುಡ್ಡಿನ ಗುರುತು. ಅಂಗಡಿಯವ ‘303 ಸಾಕು ಸಾರ್’ ಅಂತ ಸಾಮಾನ್ಯ ಪ್ಲೈವುಡ್ ತೋರಿಸಿದರೆ ಒಪ್ಪಬೇಡಿ. ಅನುಮಾನವಿದ್ದರೆ ಒಂದು ತುಂಡು ತಂದು ಕುದಿಸಿ. ಪದರ ಬಿಟ್ಟರೆ ಆ ಮಾಲು ಬೇಡ.

ಇನ್ನು ಅಸಲಿ ಕೆಲಸ. ಹಲಗೆಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ ಹುರಿ ಮಾಡಿ. ಪೂರ್ತಿ ಬಿಗಿಯುವ ಮುಂಚೆ ಹಿಂದೆ ನಿಂತು ನೋಡಿ. ಸೊಟ್ಟಗಿದ್ದರೆ ಈಗಲೇ ತಿದ್ದಬೇಕು, ಅಂಟು ಬಿದ್ದ ಮೇಲೆ ಆಗುವುದಿಲ್ಲ. ಎಪಾಕ್ಸಿಗೆ (ರಾಳ, ಗಟ್ಟಿಯಾಗಿಸುವ ಹಾರ್ಡನರ್ ಎರಡನ್ನೂ ಬೆರೆಸಿದ ಅಂಟು) ನುಣ್ಣಗಿನ ಮರದ ಪುಡಿ ಕಲಸಿ, ಕಡಲೆಕಾಯಿ ಚಟ್ನಿಯಷ್ಟು ಗಟ್ಟಿ ಮಾಡಿಕೊಳ್ಳಿ. ಒಳಸಂದಿಗೆ ತುಂಬಿ ಚಮಚದ ಬೆನ್ನಿನಿಂದ ಎಳೆಯಿರಿ, ಮೇಲೆ ಫೈಬರ್ ಗ್ಲಾಸ್ ಪಟ್ಟಿ ಕೂರಿಸಿ. ಬೇಗ ಒಣಗಲೆಂದು ಹಾರ್ಡನರ್ ಜಾಸ್ತಿ ಸುರಿಯಬೇಡಿ. ಡಬ್ಬಿಯ ಮೇಲಿನ ಅಳತೆ ತಪ್ಪಿದರೆ ಅಂಟು ಮೆದುವಾಗೇ ಉಳಿಯುತ್ತದೆ. ಕಲಸಿದ್ದನ್ನು ಅಗಲ ತಟ್ಟೆಗೆ ಹರಡಿ. ಲೋಟದಲ್ಲೇ ಬಿಟ್ಟರೆ ಬಿಸಿಯಾಗಿ, ನೋಡುನೋಡುತ್ತಲೇ ಕಲ್ಲಾಗುತ್ತದೆ. ಕೈಗವಸು ಕಡ್ಡಾಯ.

ಕಂಬ, ಚುಕ್ಕಾಣಿ, ಹಾಯಿ ನಕ್ಷೆಯ ಪ್ರಕಾರ. ಹಾಯಿಯನ್ನು ಮಾತ್ರ ಬಲ್ಲವರಿಂದ ಹೊಲಿಸಿ. ಫ್ಲೆಕ್ಸ್ ಬ್ಯಾನರ್ ಕಟ್ಟಿದರೆ ಗಿರಾಕಿ ಎದುರು ಮಾನ ಹೋಗುತ್ತದೆ.

ಹಿನ್ನೀರಿಗೆ ಇಳಿಸುವ ಮೊದಲು ಕಾವೇರಿ ನೀರಾವರಿ ನಿಗಮದ ಕಚೇರಿಯಲ್ಲಿ ವಿಚಾರಿಸಿ. ಲೈಫ್ ಜಾಕೆಟ್ ಹಾಕಿಕೊಂಡು, ದಡದ ಹತ್ತಿರವೇ ಬೇಕೆಂದೇ ದೋಣಿ ಮಗುಚಿ, ಮತ್ತೆ ಎತ್ತಿ ನೋಡಿ. ದೋಣಿಯನ್ನು ತೇಲಿಸುವ ಗಾಳಿ ತುಂಬಿದ ಖಾನೆಗಳು ಸೋರುತ್ತವೋ ಇಲ್ಲವೋ ಆಗ ತಿಳಿಯುತ್ತದೆ. ಇದರ ವಿಡಿಯೋ ಮಾಡಿಟ್ಟುಕೊಳ್ಳಿ, ಗಿರಾಕಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಡ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಪುಕ್ಕಟೆ. ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳುವವರಿಂದ ದೂರವಿರಿ. ಸಾಲ, ಸಬ್ಸಿಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ. ಬೆಲೆ ಹೇಳುವಾಗ ಉಪ್ಪುಕಾಗದ, ಸಾಗಣೆ, ನಿಮ್ಮ ಕೂಲಿ ಎಲ್ಲ ಸೇರಿಸಿ. ಸಾಮಾನಿನ ದುಡ್ಡಷ್ಟಾದರೂ ಮುಂಗಡ ಬಂದ ಮೇಲೆ ಎರಡನೇ ದೋಣಿಗೆ ಗರಗಸ ಹಿಡಿಯಿರಿ.