ಪಿನ್‌ಬಾಲ್ ಆಟದ ಯಂತ್ರಕ್ಕೆ ಎಲ್‌ಇಡಿ: ಮೊದಲು ಹೋಲ್ಡರ್ ನೋಡಿ

ಪ್ಲಗ್ ಕಿತ್ತು, ಹಳೆ ಬಲ್ಬೊಂದನ್ನು ಹೊರತೆಗೆಯಿರಿ. ಒತ್ತಿ ತಿರುಗಿಸುವಂಥದ್ದಾದರೆ ಸಾಮಾನ್ಯವಾಗಿ 44 ಅಥವಾ 47 ನಂಬರಿನದು, ಬುಡ ಚಪ್ಪಟೆ ಗಾಜಾದರೆ 555, ಮೂರೂ 6.3 ವೋಲ್ಟಿನವು. ಮಂಗಳೂರಿನ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಸಿಗುವ ಟಿ10 ಪಾರ್ಕಿಂಗ್ ಬಲ್ಬು 555ರ ಜಾಗದಲ್ಲಿ ಚೆನ್ನಾಗಿಯೇ ಕೂರುತ್ತದೆ. ಮೋಸ ಹೋಗಬೇಡಿ, ಅದು 12 ವೋಲ್ಟಿನದು, ಉರಿದರೂ ಮಂಕು. ಜೋರಾಗಿ ಮಿಂಚುವ ಫ್ಲ್ಯಾಷರ್ ಬಲ್ಬುಗಳ (ನಂಬರ್ 89, 906) ಲೆಕ್ಕವೇ ಬೇರೆ, ಸುಮಾರು 13 ವೋಲ್ಟ್.

ಕೆಂಪು ಇನ್ಸರ್ಟಿನಡಿ (ಆಟದ ಹಲಗೆಯಲ್ಲಿ ಕೂರಿಸಿದ ಬಣ್ಣದ ಪ್ಲಾಸ್ಟಿಕ್ ತುಂಡು) ಕೆಂಪು ಎಲ್‌ಇಡಿಯೇ ಇರಲಿ. ಬಿಳಿ ಇಟ್ಟರೆ ಗುಲಾಬಿ ಛಾಯೆ ಬರುತ್ತದೆ. ಯಂತ್ರದ ಮೇಲಿನ ಹಳೆ ಚಿತ್ರಗಳಿಗೆ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಚೆಂದ, ಕೂಲ್ ವೈಟ್ ಹಾಕಿದರೆ ಮೆಡಿಕಲ್ ಶಾಪಿನ ಕಳೆ.

ಆರಿರಬೇಕಾದ ದೀಪ ಮಿಣುಕುತ್ತಿದ್ದರೆ ಹಾಗೆ ಮಿಣುಕದ ನಾನ್-ಘೋಸ್ಟಿಂಗ್ ಬಲ್ಬು ಹಾಕಿ: ಲ್ಯಾಂಪ್ ಮ್ಯಾಟ್ರಿಕ್ಸಿನ (ದೀಪಗಳನ್ನು ಸಾಲು-ಸಾಲಾಗಿ ಹೊತ್ತಿಸುವ ಸರ್ಕ್ಯೂಟ್) ಅತಿ ಸಣ್ಣ ಕರೆಂಟೂ ಎಲ್‌ಇಡಿಗೆ ಸಾಕು. ಚಪ್ಪಟೆ ಬುಡದ ಬಲ್ಬು ಹೊತ್ತಿಕೊಳ್ಳದಿದ್ದರೆ ಅದನ್ನು ತಿರುಗಿಸಿ ಹಾಕಿ ನೋಡಿ. ಆಗಲೂ ಇಲ್ಲವೇ? ಕರಾವಳಿಯ ಉಪ್ಪುಗಾಳಿಗೆ ಹೋಲ್ಡರ್ ಕಿಲುಬು ಹಿಡಿದಿರಬಹುದು; ನುಣುಪು ಮರಳು ಕಾಗದದಿಂದ ಉಜ್ಜಿ.