ಖಾತೆ ನಿಮ್ಮದು, ಮೊಬೈಲ್ ನಂಬರ್ ಯಾರದು?

ಅಕ್ಕ-ತಂಗಿಯರೇ, ನಿಮ್ಮ ಬ್ಯಾಂಕ್ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತ ಈ ವಾರವೇ ನೋಡಿ. ನಮ್ಮ ಕೊಡಗಿನಲ್ಲೂ ಎಷ್ಟೋ ಹೆಂಗಸರ ಖಾತೆಗೆ ಗಂಡನದೋ ಮಗನದೋ ನಂಬರ್ ಇರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೂ, ಕಾಫಿ ಕುಯ್ಲಿನ ಕೂಲಿ ಜಮೆಯಾದರೂ ಮೆಸೇಜ್ ಹೋಗುವುದು ಅವರಿಗೆ. ಓಟಿಪಿಯೂ ಅವರಿಗೇ. ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೆ ಹೋಗಿ ಅರ್ಜಿ ಕೊಡಿ, ನಂಬರ್ ಬದಲಾಯಿಸಿಕೊಡುತ್ತಾರೆ. ಮನೆಯಲ್ಲಿ ಹೇಳಿಯೇ ಮಾಡಿ. ನಿಮ್ಮ ದುಡ್ಡಿನ ಲೆಕ್ಕ ನಿಮಗೆ ಗೊತ್ತಿರಬೇಕು ಅಲ್ವಾ?

ಸ್ಮಾರ್ಟ್‌ಫೋನ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಕೀಪ್ಯಾಡ್ ಫೋನಿನಲ್ಲೇ *99# ಒತ್ತಿ ಕರೆ ಮಾಡಿ. ಬ್ಯಾಲೆನ್ಸ್ ನೋಡಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ಸಿಗ್ನಲ್ ಇದ್ದರೆ ಸಾಕು, ಇಂಟರ್ನೆಟ್ ಬೇಡ. ಜೋರು ಮಳೆಗೆ ಡೇಟಾ ಕೈಕೊಟ್ಟಾಗ ಇದು ತುಂಬಾ ಉಪಯೋಗ. ಮೊದಲ ಸಲ ದುಡ್ಡು ಕಳಿಸಲು ಬೇಕಾದ ಯುಪಿಐ ಪಿನ್ (ಗುಟ್ಟಿನ ನಂಬರ್) ಮಾಡಿಕೊಳ್ಳುವಾಗ ಎಟಿಎಂ ಕಾರ್ಡ್ ಕೈಯಲ್ಲಿರಲಿ, ಅದರ ಕೊನೆಯ 6 ಅಂಕಿ ಕೇಳುತ್ತದೆ.

ಹೋಂಸ್ಟೇ ನಡೆಸುವವರು ಜಾಸ್ತಿ ಹುಷಾರಾಗಿರಿ. ದುಡ್ಡು ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ರೂಮ್ ಬುಕ್ ಮಾಡುವ ನೆಪದಲ್ಲಿ ಯಾರಾದರೂ "ಅಡ್ವಾನ್ಸ್ ಹಾಕುತ್ತೇನೆ, ಪಿನ್ ಒತ್ತಿ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ.